ತಮ್ಮನ ಆ ರಾತ್ರಿಯಿಂದ ಶುರುಮಾಡಿ

ಪ್ರಿಯ ಲೇಖಕಿಗೆ,

ನಮಸ್ಕಾರ. ‘ನಿಮ್ಮ ಸ್ವಭಾವವೇ ನಿಮ್ಮ ಹಣೆಬರಹ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ನಾಲ್ಕನೆಯ ಪುಟದ ಆರು ಸಾಲುಗಳೇ ಅದಕ್ಕೆ ಕಾರಣ.

ವೈದ್ಯಕೀಯ ಪ್ರವೇಶ ಪರೀಕ್ಷೆಯ ಹಿಂದಿನ ರಾತ್ರಿ ನಿಮ್ಮ ತಮ್ಮ ತಟ್ಟೆಯ ಮುಂದೆ ಕೂತು ‘ಹೇಗಾದ್ರೂ ಪರೀಕ್ಷೆ ಮುಂದಕ್ಕೆ ಹೋಗ್ಬಾರ್ದಾ’ ಅನ್ನುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ‘ತಪ್ಪೆಲ್ಲ ನಂದೇ ಅಕ್ಕ, ಮೊದಲಿಂದ್ಲೇ ಓದ್ಬೇಕಿತ್ತು’ ಅನ್ನುತ್ತಾನೆ. ಅಮ್ಮ ಒಳಗೆ ಹಾಲ್ ಟಿಕೆಟ್ಟನ್ನು ಮೂರನೇ ಸಲ ತೆಗೆದು ನೋಡುತ್ತಾರೆ. ಇಡೀ ಲೇಖನದಲ್ಲಿ ಜೀವವಿರುವ ಜಾಗ ಅದೊಂದೇ. ಮುಂದಿನ ಸಾಲಿನಲ್ಲೇ ನೀವು ‘ಇಂಥ ಸ್ವಭಾವದವರು ಪರೀಕ್ಷೆಯಲ್ಲೂ ಬದುಕಿನಲ್ಲೂ ಹಿಂದೆ ಬೀಳುತ್ತಾರೆ’ ಎಂದು ತೀರ್ಪು ಕೊಟ್ಟು ಅವನನ್ನು ಬಿಟ್ಟು ಹೊರಟುಬಿಟ್ಟಿದ್ದೀರಿ. ಓದುವಾಗ ನನಗೆ ನಿಜವಾಗಿ ನೋವಾಯಿತು.

ಆ ತೀರ್ಪು ತಪ್ಪು ಕೂಡ. ನಯಲ್ ಬೋಲ್ಜರ್ ಎಂಬ ಸಂಶೋಧಕ 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಕೂರಲಿದ್ದ 50 ವಿದ್ಯಾರ್ಥಿಗಳನ್ನು ಅವರು ಪರೀಕ್ಷೆಗೆ 35 ದಿನ ಮೊದಲಿಂದ ಗಮನಿಸಿದ್ದರು. ಕಳವಳದ ಸ್ವಭಾವದವರಿಗೆ ಪರೀಕ್ಷೆ ಹತ್ತಿರವಾದಂತೆ ಆತಂಕ ಹೆಚ್ಚು ಏರಿತು. ಆ ಏರಿಕೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ವಿವರಿಸಿದ್ದು ಅವರು ಒತ್ತಡವನ್ನು ನಿಭಾಯಿಸಿದ ರೀತಿ. ಅದರಲ್ಲೂ ಎರಡು ರೀತಿಗಳು: ‘ಹೀಗಾಗದೆ ಇದ್ದಿದ್ದರೆ’ ಎಂಬ ಹಾರೈಕೆ, ಮತ್ತು ತನ್ನನ್ನೇ ಹಳಿದುಕೊಳ್ಳುವುದು. ನಿಮ್ಮ ತಮ್ಮನ ಬಾಯಿಂದ ಬಂದ ಎರಡು ಮಾತನ್ನು ಇನ್ನೊಮ್ಮೆ ಓದಿ ನೋಡಿ. ಅವೇ ಇವು! ಇನ್ನು ಅಂಕಗಳ ವಿಚಾರಕ್ಕೆ ಬಂದರೆ, ಸ್ವಭಾವವಾಗಲಿ ನಿಭಾಯಿಸಿದ ರೀತಿಯಾಗಲಿ ಅವುಗಳ ಮೇಲೆ ಪರಿಣಾಮ ಬೀರಿದ್ದು ಆ ಅಧ್ಯಯನದಲ್ಲಿ ಕಾಣಲಿಲ್ಲ. ರಾತ್ರಿಯೆಲ್ಲ ಹೊರಳಾಡಿದ ಹುಡುಗ ಸೋಲಬೇಕೆಂದೇನೂ ಇಲ್ಲ.

ಸ್ವಭಾವಕ್ಕೂ ನಿಭಾಯಿಸುವ ರೀತಿಗೂ ನಂಟಿದೆ, ನಿಜ. 165 ಗುಂಪುಗಳ 33,094 ಜನರ ಮಾಹಿತಿಯನ್ನು ಒಟ್ಟುಮಾಡಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲೂ ಆ ನಂಟು ಸಿಕ್ಕಿತು, ಆದರೆ ಸಾಧಾರಣ ಮಟ್ಟದ್ದು. ಹಣೆಬರಹ ಅನ್ನುವಷ್ಟು ಗಟ್ಟಿಯಲ್ಲ. ಆದ್ದರಿಂದ ಶೀರ್ಷಿಕೆ ಬದಲಾಗಲೇಬೇಕು.

ಪದಗಳ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ, ಸಹಿಸಿಕೊಳ್ಳಿ. ವ್ಯಕ್ತಿತ್ವವನ್ನು ಬಣ್ಣಿಸಲು ಮನೋವಿಜ್ಞಾನಿಗಳು ಬಳಸುವ ಐದು ಗುಣಲಕ್ಷಣಗಳಲ್ಲಿ ಒಂದಾದ ‘ನ್ಯೂರಾಟಿಸಿಸಂ’ ಅನ್ನು ‘ನರರೋಗ ಪ್ರವೃತ್ತಿ’ ಎಂದು ಮಾಡಿದ್ದೀರಿ. ಓದಿದ ತಾಯಿಯೊಬ್ಬಳು ಮಗನನ್ನು ನರರೋಗ ತಜ್ಞರ ಬಳಿ ಕರೆದೊಯ್ದಾಳು. ‘ಕಳವಳದ ಸ್ವಭಾವ’ ಅಂದರೆ ಸಾಕು. ‘ಕಾನ್ಷಿಯೆನ್ಷಿಯಸ್‌ನೆಸ್’ ಅನ್ನು ‘ಆತ್ಮಸಾಕ್ಷಿ’ ಎಂದಿರುವುದೂ ಸರಿಯಿಲ್ಲ. ಹೇಳಿದ ಹೊತ್ತಿಗೆ ಕೆಲಸ ಮುಗಿಸುವ, ವಸ್ತುಗಳನ್ನು ಓರಣವಾಗಿಡುವ, ಹೊಣೆ ಹೊರುವ ಗುಣ ಅದು. ಪಾಪಪ್ರಜ್ಞೆಗೂ ಅದಕ್ಕೂ ಸಂಬಂಧವಿಲ್ಲ. ಈ ಐದರ ಹುಡುಕಾಟ ಶುರುವಾದದ್ದೇ ನಿಘಂಟಿನಿಂದ: 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್ಬರ್ಟ್ ಎಂಬ ಮನೋವಿಜ್ಞಾನಿಗಳು ಇಂಗ್ಲಿಷ್ ನಿಘಂಟಿನಲ್ಲಿ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. 1894ರ ಕಿಟ್ಟೆಲ್ ನಿಘಂಟನ್ನು ಹಾಗೇ ಜಾಲಾಡಿದರೆ ಏನೇನು ಸಿಕ್ಕೀತು ಎಂದು ನನಗೆ ಬಹಳ ದಿನದಿಂದ ಕುತೂಹಲ. ಮುಂಗೋಪಿ, ಪುಕ್ಕಲ, ಗಟ್ಟಿಗಿತ್ತಿ, ಬಾಯಿಬಡುಕ: ಇಂಥ ಮಾತುಗಳಿರುವ ಭಾಷೆಯಲ್ಲಿ ಬರೆಯುತ್ತಿದ್ದೀರಿ. ಧೈರ್ಯವಾಗಿ ಬಳಸಿ.

ಆರನೆಯ ಪುಟದಲ್ಲಿ ‘ದುಃಖವನ್ನು ಮತ್ತೆ ಮತ್ತೆ ಮೆಲುಕು ಹಾಕಿದರೆ ಅದು ಕರಗುತ್ತದೆ’ ಎಂದಿದ್ದೀರಿ. ಇದಕ್ಕೆ ಮನೋವಿಜ್ಞಾನಿ ಸೂಸನ್ ನೋಲೆನ್-ಹೊಕ್ಸೆಮಾ ಅವರ ಅಧ್ಯಯನವನ್ನು ನೋಡಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮನಸ್ಥಿತಿಯನ್ನೂ, ಬೇಸರವಾದಾಗ ಅವರು ಏನು ಮಾಡುತ್ತಾರೆ ಎಂಬುದನ್ನೂ ಸೂಸನ್ ಆಗಲೇ ಅಳೆದಿಟ್ಟಿದ್ದರು. ಹದಿನಾಲ್ಕು ದಿನದ ನಂತರ, 1989ರ ಅಕ್ಟೋಬರ್ 17ರಂದು, ಅದೇ ಪ್ರದೇಶದಲ್ಲಿ ಲೋಮಾ ಪ್ರಿಯೆಟಾ ಭೂಕಂಪವಾಯಿತು. ಆಪತ್ತಿಗೆ ಮೊದಲಿನ ಅಳತೆ ಕೈಯಲ್ಲಿರುವುದು ತೀರಾ ಅಪರೂಪ. ಭೂಕಂಪವಾದ ಹತ್ತು ದಿನದ ಮೇಲೆ ಒಂದು ಸಲ, ಏಳು ವಾರದ ಮೇಲೆ ಇನ್ನೊಂದು ಸಲ ಅವರನ್ನೇ ಮತ್ತೆ ಕೇಳಿದರು. ‘ನನಗೇ ಯಾಕೆ ಹೀಗೆ’ ಎಂದು ಮೆಲುಕು ಹಾಕುವ ಅಭ್ಯಾಸವಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚು ಉಳಿದಿದ್ದವು. ಅವರು ಮೊದಲೇ ಎಷ್ಟು ಖಿನ್ನರಾಗಿದ್ದರು ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಹಾಗೆಯೇ. ಮೆಲುಕು ಹಾಕುವುದೂ ನೋವನ್ನು ನೇರವಾಗಿ ಎದುರಿಸುವುದೂ ಬೇರೆ ಬೇರೆ ಎಂಬುದನ್ನು ಈ ಕಥೆಯ ಮೂಲಕವೇ ನೀವು ತೋರಿಸಬಹುದು.

ದಿಂಬಿಗೆ ಗುದ್ದಿ ಸಿಟ್ಟು ಕಳೆಯಿರಿ ಎಂಬ ಸಲಹೆಯನ್ನು ತೆಗೆದುಬಿಡಿ. ಸಿಟ್ಟು ತರಿಸಿದವರನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರಲ್ಲಿ, ಸುಮ್ಮನೆ ಕೂತವರಿಗಿಂತ ಹೆಚ್ಚು ಸಿಟ್ಟಿದ್ದುದನ್ನು ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ 2002ರಲ್ಲಿ ತೋರಿಸಿದ್ದಾರೆ.

ಒತ್ತಡ ನಿಭಾಯಿಸುವುದರಲ್ಲಿ ಎರಡು ಬಗೆಯಿದೆ ಎಂಬ, ಮನೋವಿಜ್ಞಾನಿಗಳಾದ ಲಾಜರಸ್ ಮತ್ತು ಫೋಕ್‌ಮನ್ ಅವರ 1984ರ ವಿಂಗಡಣೆಯನ್ನು ಉಲ್ಲೇಖಿಸಿದ್ದು ಒಳ್ಳೆಯದು. ಆದರೆ ಸಮಸ್ಯೆಯನ್ನು ಬಗೆಹರಿಸುವುದಕ್ಕೆ ‘ಶೌರ್ಯ’ ಎಂದೂ, ಭಾವನೆಯನ್ನು ಸಂಭಾಳಿಸಿಕೊಳ್ಳುವುದಕ್ಕೆ ‘ಪಲಾಯನ’ ಎಂದೂ ಹೆಸರಿಟ್ಟಿರಿ. ಅವರು ಹಾಗೆ ಮೇಲುಕೀಳು ಮಾಡಿರಲಿಲ್ಲ. ಐಸಿಯು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಬಗೆಹರಿಸಲು ಏನಿದೆ? ಎದೆಬಡಿತವನ್ನು ಸ್ಥಿಮಿತಕ್ಕೆ ತಂದುಕೊಳ್ಳುವುದೇ ಆಗ ಅವರು ಮಾಡಬಹುದಾದ ಕೆಲಸ. ನಿಮ್ಮ ಅಮ್ಮ ಹಾಲ್ ಟಿಕೆಟ್ ಮೂರು ಸಲ ನೋಡಿದ್ದು ಯಾವ ಬಗೆಯದ್ದು? ನನಗನಿಸುವಂತೆ ಎರಡೂ ಹೌದು. ಆ ಪ್ರಶ್ನೆಯನ್ನು ಲೇಖನದೊಳಗೇ ಕೇಳಿ.

ಕೊನೆಯ ‘ನಿಮ್ಮ ಮನೋಬಲ ಎಷ್ಟು?’ ಪ್ರಶ್ನಾವಳಿ ಬೇಡ. ನೀವೇ ಹೆಣೆದ ಇಪ್ಪತ್ತು ಪ್ರಶ್ನೆಗೆ ಅಂಕ ಹಾಕಿ ‘ದುರ್ಬಲರು’ ಎಂಬ ಪಟ್ಟಿಗೆ ಯಾರನ್ನೂ ಸೇರಿಸುವ ಹಕ್ಕು ನಮಗಿಲ್ಲ. ಆ ಜಾಗದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಇರಲಿ. ಪರೀಕ್ಷೆಯ ಕಾಲದಲ್ಲಿ ಓದುವವರ ಪೈಕಿ ಒಬ್ಬರಿಗಾದರೂ ಅದು ಬೇಕಾಗುತ್ತದೆ.

ತಿದ್ದಿದ ಪ್ರತಿ ಸಾವಿರದ ಇನ್ನೂರು ಪದ ಮೀರದಿರಲಿ, ತಿಂಗಳೊಳಗೆ ಕಳಿಸಿದರೆ ಸಾಕು. ಕಳಿಸುವ ಮೊದಲು ತಮ್ಮನಿಗೆ ಓದಲು ಕೊಡಿ. ಬೇಡ ಅಂದರೆ ಆ ರಾತ್ರಿಯನ್ನು ಅಚ್ಚು ಹಾಕುವುದಿಲ್ಲ. ಒಪ್ಪಿದರೆ, ಮರುದಿನ ಬೆಳಿಗ್ಗೆ ಅವನು ಮನೆಯಿಂದ ಹೊರಟದ್ದು ಹೇಗೆ ಎಂಬುದನ್ನೂ ಅವನನ್ನೇ ಕೇಳಿ ಬರೆಯಿರಿ. ಅದು ನಿಮ್ಮ ಹಸ್ತಪ್ರತಿಯಲ್ಲಿ ಇಲ್ಲವೇ ಇಲ್ಲ.

ವಿಶ್ವಾಸದಿಂದ,
ಸಂಪಾದಕ