ಕಿವಿ ನೋವಿಗೆ ಬೆಚ್ಚಗಿನ ಎಣ್ಣೆ ಬಿಡಬಹುದಾ? ಮನೆಯಲ್ಲೇ ಗುಗ್ಗೆ ತೆಗೆಯಬಹುದಾ?

ನಮ್ಮಜ್ಜಿ ಇದ್ದಿದ್ದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ತಂದೇ ಬಿಡುತ್ತಿದ್ದರು. ಆದರೆ ನೋವಿರುವ ಕಿವಿಗೆ ಅದು ಬೇಡ. ಕಿವಿಯ ತಮಟೆಯಲ್ಲಿ (ಒಳಗಿನ ತೆಳು ಪರದೆಯಲ್ಲಿ) ತೂತಿದ್ದರೆ ಎಣ್ಣೆ ನೇರವಾಗಿ ಒಳಗೆ ಇಳಿಯುತ್ತದೆ. ತೂತಿದೆಯೋ ಇಲ್ಲವೋ ಮನೆಯಲ್ಲಿ ಗೊತ್ತಾಗುವುದಿಲ್ಲ ಅಲ್ವಾ?

ಚಿಕ್ಕ ಮಕ್ಕಳಿಗೆ ನೆಗಡಿಯ ಬೆನ್ನಿಗೇ ಕಿವಿ ನೋವು ಬರಲು ಕಾರಣವಿದೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಳಿಕೆ ಅವರಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ. ಸೋಂಕು ಸುಲಭವಾಗಿ ಒಳಗೆ ಸೇರುತ್ತದೆ, ಕೀವು ತುಂಬುತ್ತದೆ. ಹಾಗಾಗಿ ಮಗುವನ್ನು ಮಟ್ಟಸವಾಗಿ ಮಲಗಿಸಿ ಬಾಟಲಿ ಹಾಲು ಕೊಡಬೇಡಿ. ಜ್ವರ ಬಂದರೆ, ಕಿವಿ ಸೋರಿದರೆ ಡಾಕ್ಟರಿಗೆ ತೋರಿಸಿ.

ಗುಗ್ಗೆ ಕೊಳೆಯಲ್ಲ. ಧೂಳು, ನೀರು ತಡೆಯಲು ಕಿವಿಯೇ ಮಾಡಿಕೊಳ್ಳುವ ಮೇಣ ಅದು. ಸಾಮಾನ್ಯವಾಗಿ ತಾನಾಗಿಯೇ ಹೊರಗೆ ಬರುತ್ತದೆ. ಇಯರ್ ಬಡ್ ಅದನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. (ಬಸ್ಸಿನಲ್ಲಿ ಕೂತು ಗಾಡಿ ಕೀಲಿಯಿಂದ ಕಿವಿ ಕೆರೆಯುವವರನ್ನು ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ.) ಸ್ನಾನವಾದ ಮೇಲೆ ಹೊರಗಡೆ ಟವೆಲಿನಿಂದ ಒರೆಸಿ, ಸಾಕು.

ಮಗು ಕಿವಿಗೆ ವಾಚಿನ ಸಣ್ಣ ಸೆಲ್ ತುರುಕಿಕೊಂಡರೆ ಏನೂ ಹನಿ ಹಾಕದೆ ಆಸ್ಪತ್ರೆಗೆ ಓಡಿ. ಕೆಲವೇ ಗಂಟೆಗಳಲ್ಲಿ ಒಳಗೆ ಸುಡುತ್ತದೆ. ದೊಡ್ಡವರಿಗೆ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಾದರೆ ಅದೂ ತುರ್ತೇ. ಗುಗ್ಗೆ ಇರಬೇಕು ಅಂತ ಸುಮ್ನೆ ವಾರ ಕಾಯಬೇಡಿ.