ಒಎಲ್‌ಇಡಿ ಮಾನಿಟರ್ ಮಿನುಗುತ್ತದೆಯೇ? ಕೇಬಲ್ ಬಿಟ್ಟುಬಿಡಿ

ಪ್ರಶ್ನೆ: 240 ಹರ್ಟ್ಜ್ ರಿಫ್ರೆಶ್ ರೇಟ್‌ನ (ಸೆಕೆಂಡಿಗೆ 240 ಸಲ ಚಿತ್ರ ಹೊಸದಾಗಿಸುವ) ಒಎಲ್‌ಇಡಿ ಗೇಮಿಂಗ್ ಮಾನಿಟರ್ ಕೊಂಡಿದ್ದೇನೆ. ವಿಆರ್‌ಆರ್ (ಆಟ ಫ್ರೇಮ್, ಅಂದರೆ ಒಂದೊಂದು ಚಿತ್ರ, ಕೊಡುವ ವೇಗಕ್ಕೆ ತಕ್ಕಂತೆ ರಿಫ್ರೆಶ್ ರೇಟ್ ಬದಲಿಸುವ ಸೌಲಭ್ಯ) ಆನ್ ಮಾಡಿದರೆ ಕತ್ತಲ ದೃಶ್ಯಗಳಲ್ಲಿ, ಲೋಡಿಂಗ್ ಸ್ಕ್ರೀನ್‌ನಲ್ಲಿ ಪರದೆ ಮಿನುಗುತ್ತದೆ. ಎರಡು ಕೇಬಲ್ ಬದಲಿಸಿದೆ. ಪ್ಯಾನೆಲ್ ಕೆಟ್ಟಿದೆಯೇ ಸರ್?

ಕೆಟ್ಟಿಲ್ಲ. ಮೂರನೇ ಕೇಬಲ್‌ಗೆ ದುಡ್ಡು ಸುರಿಯಬೇಡಿ. ಕೇಬಲ್ ಸರಿಯಿಲ್ಲದಿದ್ದರೆ ಪರದೆ ಕ್ಷಣಕಾಲ ಪೂರ್ತಿ ಕಪ್ಪಾಗುತ್ತದೆ, ಇಲ್ಲವೇ ಚುಕ್ಕಿಗಳು ಎದ್ದು ಕಾಣುತ್ತವೆ. ಬೂದು ಛಾಯೆಗಳಷ್ಟೇ ಆರಿಸಿ ಮಿನುಗುವ ಕೇಬಲ್ ಇನ್ನೂ ಹುಟ್ಟಿಲ್ಲ.

ಒಎಲ್‌ಇಡಿಯ ಪಿಕ್ಸೆಲ್ ಎಷ್ಟು ಬೆಳಗಬೇಕೆಂಬುದು ಅದರ ಹಿಂದಿನ ಪುಟ್ಟ ಕೆಪಾಸಿಟರ್ ಹಿಡಿದಿಟ್ಟ ವೋಲ್ಟೇಜ್ ಮೇಲೆ ನಿಂತಿದೆ. ಹೊಸ ಫ್ರೇಮ್ ಬಂದಾಗಲೆಲ್ಲ ಅದನ್ನು ಮತ್ತೆ ತುಂಬಿಸಬೇಕು, ಆ ಹೊತ್ತಿಗೆ ಬೆಳಕು ಒಂದಿಷ್ಟು ಕುಗ್ಗುತ್ತದೆ. ಮುಂದಿನ ಫ್ರೇಮ್ ತಡವಾದರೆ ವೋಲ್ಟೇಜ್ ಸೋರುವುದೂ ಉಂಟು. ತಯಾರಕರು ಗಾಮಾ (ಯಾವ ಛಾಯೆಗೆ ಎಷ್ಟು ಹೊಳಪೆಂಬ ಲೆಕ್ಕ) ಹೊಂದಿಸಿರುವುದು ಸಾಮಾನ್ಯವಾಗಿ ಗರಿಷ್ಠ ರಿಫ್ರೆಶ್ ರೇಟ್‌ಗೆ. 240 ಹರ್ಟ್ಜ್‌ನಲ್ಲಿ ಫ್ರೇಮಿನಿಂದ ಫ್ರೇಮಿಗೆ 4.2 ಮಿಲಿಸೆಕೆಂಡ್, 60ರಲ್ಲಿ 16.7. ಒಂದೇ ಬೂದು ಬಣ್ಣ ಈ ಎರಡರಲ್ಲೂ ಒಂದೇ ಹೊಳಪಿನಲ್ಲಿ ಇರುವುದಿಲ್ಲ. ವ್ಯತ್ಯಾಸ ಸಣ್ಣದು ನಿಜ, ಆದರೆ ಕಪ್ಪಿಗೆ ಹತ್ತಿರದ ಛಾಯೆಗಳಲ್ಲಿ ಕಣ್ಣು ಅಷ್ಟನ್ನೂ ಹಿಡಿಯುತ್ತದೆ.

ಹಾಗಾದರೆ 60ರಲ್ಲೇ ನಿಂತ ಆಟ ಮಿನುಗುವುದಿಲ್ಲ, 200ರಲ್ಲೇ ನಿಂತದ್ದೂ ಮಿನುಗುವುದಿಲ್ಲ. ಎರಡರ ನಡುವೆ ಜಿಗಿದಾಡುವುದು ಮಿನುಗುತ್ತದೆ. 'ನನಗೆ ಸದಾ 100 ಎಫ್‌ಪಿಎಸ್ (ಸೆಕೆಂಡಿಗೆ 100 ಫ್ರೇಮ್) ಬರುತ್ತದೆ' ಎಂದು ಬರೆಯುವವರೇ ಹೆಚ್ಚು. ಅದು ಸರಾಸರಿ, ಸ್ವಾಮಿ! ಒಂದು ಫ್ರೇಮ್ 8 ಮಿಲಿಸೆಕೆಂಡ್, ಮುಂದಿನದು 12 ತೆಗೆದುಕೊಂಡರೂ ಪರದೆಯ ಮೂಲೆಯ ಎಫ್‌ಪಿಎಸ್ ಅಂಕಿ 100 ಎಂದೇ ತೋರಿಸುತ್ತದೆ. ಪರದೆ ಮಾತ್ರ 125ಕ್ಕೂ 83ಕ್ಕೂ ಓಡಾಡುತ್ತಿರುತ್ತದೆ. ಅನೇಕ ಮಾನಿಟರ್‌ಗಳಲ್ಲಿ ವಿಆರ್‌ಆರ್‌ನ ಕೆಳಗಡಿ 48 ಹರ್ಟ್ಜ್. ಆಟ 47ಕ್ಕೆ ಇಳಿದರೆ ಪ್ರತಿ ಫ್ರೇಮನ್ನೂ ಎರಡು ಸಲ ತೋರಿಸಬೇಕಾಗುತ್ತದೆ, ಅಂದರೆ ಪರದೆ ಒಮ್ಮೆಲೇ 94ಕ್ಕೆ ಹಾರುತ್ತದೆ. ಆ ಗಡಿಯಲ್ಲೇ ಆಟ ಹೊಯ್ದಾಡಿದರೆ ಮಿನುಗು ತೀರಾ ಕೆಟ್ಟದಾಗಿರುತ್ತದೆ.

ಸರಾಸರಿ ಬಿಟ್ಟು ಒಂದೊಂದು ಫ್ರೇಮಿಗೂ ಹಿಡಿದ ಸಮಯ ತೋರಿಸುವ ಫ್ರೇಮ್ ಟೈಮ್ ಗ್ರಾಫ್ ನೋಡಿ. ಆಟದ ಅತಿ ಭಾರದ ದೃಶ್ಯದಲ್ಲೂ ನಿಲ್ಲುವ ಎಫ್‌ಪಿಎಸ್ ಎಷ್ಟೋ ಅಷ್ಟಕ್ಕೆ ಮಿತಿ ಹಾಕಿ. ಬಹುತೇಕ ದೂರುಗಳು ಇಲ್ಲಿಗೇ ಮುಗಿಯುತ್ತವೆ. ಆಟವೇ ಶೇಡರ್ (ಗ್ರಾಫಿಕ್ಸ್ ಬಿಡಿಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಮಾಡುತ್ತ ಎಡವುತ್ತಿದ್ದರೆ ಮಿತಿಯಿಂದ ಹೆಚ್ಚು ಉಪಯೋಗವಿಲ್ಲ. ಕೆಲವು ಮಾನಿಟರ್‌ಗಳ ಮೆನುವಿನಲ್ಲಿ ಫ್ಲಿಕರ್ ತಗ್ಗಿಸುವ ಆಯ್ಕೆ ಇದೆ. ಅದು ವಿಆರ್‌ಆರ್ ವ್ಯಾಪ್ತಿಯನ್ನು ಕಿರಿದಾಗಿಸುವುದರಿಂದ ಕಡಿಮೆ ಎಫ್‌ಪಿಎಸ್‌ನಲ್ಲಿ ಆಟ ಕುಲುಕಬಹುದು. ಇದಕ್ಕೂ ಬಗ್ಗದಿದ್ದರೆ ಆ ಒಂದು ಆಟಕ್ಕೆ ವಿಆರ್‌ಆರ್ ಆಫ್ ಮಾಡಿ. ಆಗ ಎರಡು ಫ್ರೇಮ್ ಸೇರುವಲ್ಲಿ ಚಿತ್ರ ಹರಿದಂತೆ ಕಾಣಬಹುದು, ಆದರೆ 240 ಹರ್ಟ್ಜ್‌ನಲ್ಲಿ ಆ ಗೆರೆ ಒಂದೆಡೆ ನಿಲ್ಲುವುದು 4 ಮಿಲಿಸೆಕೆಂಡ್ ಮಾತ್ರ. ನಾನಂತೂ ಕತ್ತಲೆಯೇ ಹೆಚ್ಚಿರುವ ಆಟಗಳನ್ನು ವಿಆರ್‌ಆರ್ ಇಲ್ಲದೆಯೇ ಆಡುತ್ತೇನೆ. ಹೊರಗಿನ ತಂತ್ರಾಂಶದಿಂದ ವಿಆರ್‌ಆರ್‌ನ ಕೆಳಗಡಿಯನ್ನು ತಿದ್ದುವ ದಾರಿಯೂ ಇದೆ. ಸೇಫ್ ಮೋಡ್‌ಗೆ (ಪರದೆ ಏಳದಿದ್ದಾಗ ಕಂಪ್ಯೂಟರ್ ತೆರೆಯುವ ದಾರಿ) ಹೋಗಲು ಬಾರದವರು ಅದನ್ನು ಮುಟ್ಟಬೇಡಿ.

ಪ್ರಶ್ನೆ: ಜಿ-ಸಿಂಕ್ ಬದಲು ಫ್ರೀಸಿಂಕ್ ಬಳಸಿದರೆ ಮಿನುಗು ಹೋಗುತ್ತದೆಯೇ?

ಎರಡೂ ವಿಆರ್‌ಆರ್‌ನ ಬೇರೆ ಬೇರೆ ಹೆಸರುಗಳೇ, ಎರಡೂ ಪರದೆಯನ್ನು ಫ್ರೇಮಿಗಾಗಿ ಕಾಯಿಸುತ್ತವೆ. ಹೋಗುವುದಿಲ್ಲ.

ಪ್ರಶ್ನೆ: ಮಿನುಗಿನಿಂದ ಬರ್ನ್-ಇನ್ (ಹಳೆಯ ಚಿತ್ರದ ಅಚ್ಚು ಪರದೆಯಲ್ಲೇ ಉಳಿಯುವುದು) ಆಗುತ್ತದೆಯೇ? ದಿನಾ ಪಿಕ್ಸೆಲ್ ರಿಫ್ರೆಶ್ ಓಡಿಸಲೇ?

ಆಗುವುದಿಲ್ಲ, ಓಡಿಸಬೇಡಿ. ಪಿಕ್ಸೆಲ್ ರಿಫ್ರೆಶ್ ಎಂಬುದು ಪಿಕ್ಸೆಲ್‌ಗಳ ಅಸಮ ಸವೆತಕ್ಕೆ ಇರುವ ವ್ಯವಸ್ಥೆ, ಬೇಕಾದಾಗ ಮಾನಿಟರ್ ತಾನೇ ಮಾಡಿಕೊಳ್ಳುತ್ತದೆ.

ಪ್ರಶ್ನೆ: ಹಣ ಕೊಟ್ಟರೆ ಮಿನುಗು ನಿಲ್ಲಿಸುವ ಫರ್ಮ್‌ವೇರ್ ಕಳಿಸುತ್ತೇನೆ ಎನ್ನುತ್ತಾರೆ ಒಬ್ಬರು. ನಂಬಬಹುದೇ?

ಬೇಡ. ತಯಾರಕರಲ್ಲದವರ ಫರ್ಮ್‌ವೇರ್ ಹಾಕಿ ಮಾನಿಟರ್ ಏಳದೇ ಹೋದರೆ ಆ ಪುಣ್ಯಾತ್ಮ ಫೋನ್ ಎತ್ತುವುದಿಲ್ಲ, ವಾರಂಟಿಯೂ ಕೈಬಿಡುತ್ತದೆ.

ಪ್ರಶ್ನೆ: ಇದನ್ನು ಮಾರಿ ವಿಎ ಎಲ್‌ಸಿಡಿ ತಗೊಳ್ಳಲೇ?

ವಿಎ ಪ್ಯಾನೆಲ್‌ಗಳೂ ಇದೇ ಆಟ ಆಡುತ್ತವೆ. ಮಿನುಗು ಸಹಿಸಲಾರೆ ಎಂದರೆ ಎಲ್‌ಸಿಡಿಯ ಇನ್ನೊಂದು ಬಗೆಯಾದ ಐಪಿಎಸ್ ನೋಡಿ, ಒಎಲ್‌ಇಡಿಯ ಕಪ್ಪನ್ನು ಮರೆಯಿರಿ.

ಪ್ರಶ್ನೆ: ಮಿನುಗು ನೋಡಿ ನೋಡಿ ತಲೆನೋವು ಬರುತ್ತಿದೆ. ಯಾವ ಕನ್ನಡಕ ಒಳ್ಳೆಯದು?

ಯಾವುದೂ ಅಲ್ಲ. ವಿಆರ್‌ಆರ್ ಇವತ್ತೇ ಆಫ್ ಮಾಡಿ. ಆಮೇಲೂ ನೋವಿದ್ದರೆ ಮೆನು ಕೆದಕುತ್ತ ಕೂರದೆ ವೈದ್ಯರಿಗೆ ತೋರಿಸಿ.