ಮಾರಿಯೋ ಯಾಕೆ ತಡವಾಗಿ ಹಾರುತ್ತಾನೆ?

ಹಳೆಯ ವಿಡಿಯೋ ಗೇಮ್‌ಗಳನ್ನು ಹೊಸ ಟಿವಿಯಲ್ಲಿ ಆಡಲು ಹೊರಟವರ ಪ್ರಶ್ನೆಗಳೇ ಈ ಸಲ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಚಿಕ್ಕವನಿದ್ದಾಗ ಸೂಪರ್ ಮಾರಿಯೋ ಬ್ರದರ್ಸ್ ಅನ್ನು ಕಣ್ಣು ಮುಚ್ಚಿಕೊಂಡು ಆಡುತ್ತಿದ್ದೆ. ಈಗ ಅದೇ ಎನ್‌ಇಎಸ್ (ನಿಂಟೆಂಡೋ ಕಂಪನಿಯ ಹಳೆಯ ಗೇಮ್ ಪೆಟ್ಟಿಗೆ) ಕನ್ಸೋಲನ್ನು ದೊಡ್ಡ ಟಿವಿಗೆ ಹಾಕಿದರೆ ಮೊದಲ ಗುಂಡಿಯಲ್ಲೇ ಬೀಳುತ್ತೇನೆ. ಬಟನ್ ಒತ್ತಿದರೆ ಮಾರಿಯೋ ಯೋಚನೆ ಮಾಡಿ ಹಾರಿದ ಹಾಗಿರುತ್ತದೆ. ಮಗಳು ನಗುತ್ತಾಳೆ. ನನಗೆ ವಯಸ್ಸಾಯಿತಾ?

ವಯಸ್ಸಿನ ಪಾಲೂ ಇರಬಹುದು. ಆದರೆ ಮೊದಲು ಟಿವಿಯನ್ನು ವಿಚಾರಿಸಿಕೊಳ್ಳೋಣ.

ಹಳೆಯ ಪಿಕ್ಚರ್ ಟ್ಯೂಬ್ ಟಿವಿ, ಅಂದರೆ ಸಿಆರ್‌ಟಿ, ಏನನ್ನೂ ಕೂಡಿಟ್ಟುಕೊಳ್ಳುತ್ತಿರಲಿಲ್ಲ. ಕನ್ಸೋಲ್ ಒಂದು ಗೆರೆ ಕಳಿಸಿದರೆ ಆ ಕ್ಷಣವೇ ಪರದೆ ಮೇಲೆ ಆ ಗೆರೆ ಬೆಳಗುತ್ತಿತ್ತು. ಹೊಸ ಟಿವಿ ಹಾಗಲ್ಲ. ಬಂದ ಚಿತ್ರವನ್ನು ಹಿಡಿದಿಟ್ಟುಕೊಂಡು, ಹಿಗ್ಗಿಸಿ, ಬಣ್ಣ ತಿದ್ದಿ, ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವಾಗ ಇದು ಗೊತ್ತೇ ಆಗುವುದಿಲ್ಲ, ಧ್ವನಿಯನ್ನೂ ಅಷ್ಟೇ ತಡ ಮಾಡಿ ಬಿಡುತ್ತದಲ್ಲ. ಆಟದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಎನ್‌ಇಎಸ್ ಸೆಕೆಂಡಿಗೆ ಸುಮಾರು 60 ಫ್ರೇಮ್, ಅಂದರೆ ಬಿಡಿ ಚಿತ್ರ, ಕಳಿಸುತ್ತದೆ. ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ಟಿವಿ 100 ಮಿಲಿಸೆಕೆಂಡ್ ತಡ ಮಾಡಿದರೆ 6 ಫ್ರೇಮ್ ಹೋಯಿತು. ಬಿ ಬಟನ್ ಒತ್ತಿ ಪೂರ್ತಿ ವೇಗದಲ್ಲಿ ಓಡುವ ಮಾರಿಯೋ ಫ್ರೇಮಿಗೆ 2.5 ಪಿಕ್ಸೆಲ್ ಮುಂದೆ ಹೋಗುತ್ತಾನೆ, ಅಂದರೆ 6 ಫ್ರೇಮಿಗೆ 15 ಪಿಕ್ಸೆಲ್. ಆ ಆಟದ ಒಂದು ಇಟ್ಟಿಗೆಯ ಅಗಲ 16 ಪಿಕ್ಸೆಲ್. ನಿಮ್ಮ ಕಣ್ಣಿಗೆ ಗುಂಡಿಯ ಅಂಚಿನಲ್ಲಿರುವ ಮಾರಿಯೋ ಕನ್ಸೋಲಿನೊಳಗೆ ಹೆಚ್ಚುಕಡಿಮೆ ಒಂದು ಇಟ್ಟಿಗೆಯಷ್ಟು ಮುಂದೆ ಹೋಗಿ ಆಗಲೇ ಬೀಳುತ್ತಿದ್ದಾನೆ. ನೀವು ಒತ್ತಿದ್ದು ಸರಿಯಾಗಿಯೇ, ನೋಡಿದ್ದು ಹಳೆಯ ಸುದ್ದಿ.

ಈಗಲೇ ಮಾಡಬಹುದಾದ ಕೆಲಸ ಎಂದರೆ ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡುವುದು, ಅದು ಈ ತಿದ್ದುವ ಕೆಲಸವನ್ನು ಕಡಿಮೆ ಮಾಡುತ್ತದೆ. ಅರ್ಧ ಜನರ ದೂರು ಇಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ಕಾರಣ ಇನ್ನೊಂದಿದೆ. ಹಳೆಯ ಕನ್ಸೋಲ್‌ಗಳು ಕಳಿಸುವುದು 240 ಗೆರೆಗಳ ಪೂರ್ತಿ ಚಿತ್ರ. ಸಾಕಷ್ಟು ಹೊಸ ಟಿವಿಗಳು ಇದನ್ನು 480 ಗೆರೆಗಳ ಅರ್ಧರ್ಧ ಚಿತ್ರ ಎಂದು ತಪ್ಪು ತಿಳಿದು, ಎರಡನ್ನು ಸೇರಿಸಿ ಹೊಲಿಯಲು ಕೂರುತ್ತವೆ. ತಡವೂ ಹೆಚ್ಚು, ಚಿತ್ರವೂ ಹಾಳು. ಪೆಟ್ಟು ತಿಂದ ಮಾರಿಯೋ ಮಿಣಮಿಣ ಮಿನುಗುತ್ತಾನಲ್ಲ, ಅದು ಒಂದು ಫ್ರೇಮಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಆಟ. ಇಂಥ ಟಿವಿಯಲ್ಲಿ ಅವನು ಮಿನುಗುವ ಬದಲು ಬಾಚಣಿಗೆಯ ಹಲ್ಲುಗಳ ಹಾಗೆ ಸೀಳಿ ಕಾಣಬಹುದು, ಪೂರ್ತಿ ಮಾಯವೂ ಆಗಬಹುದು.

ಇದಕ್ಕೆ ರೆಟ್ರೋಟಿಂಕ್, ಒಎಸ್‌ಎಸ್‌ಸಿ ತರಹದ ಪುಟ್ಟ ಪೆಟ್ಟಿಗೆಗಳಿವೆ. ಕನ್ಸೋಲ್ ಮತ್ತು ಟಿವಿ ನಡುವೆ ಕೂತು ಸಿಗ್ನಲನ್ನು ಟಿವಿಗೆ ಅರ್ಥವಾಗುವ ಹಾಗೆ ಎಚ್‌ಡಿಎಂಐಗೆ ಬದಲಿಸುತ್ತವೆ. ಅಗ್ಗದ ಹೆಸರಿಲ್ಲದ ಪರಿವರ್ತಕ ಬೇಡ, ಅದು ಟಿವಿಯ ತಪ್ಪನ್ನೇ ಇನ್ನೊಮ್ಮೆ ಮಾಡುತ್ತದೆ. ಒಂದು ಸಲ ತಂದು ನಾನೂ ಮೂರ್ಖನಾಗಿದ್ದೇನೆ.

ಕಂಪ್ಯೂಟರಿನಲ್ಲಿ ಎಮುಲೇಟರ್ (ಹಳೆಯ ಕನ್ಸೋಲನ್ನು ಅನುಕರಿಸುವ ಸಾಫ್ಟ್‌ವೇರ್) ಹಾಕಿ ಆಡುವವರಿಗೆ ರೆಟ್ರೋಆರ್ಚ್ ಎಂಬ ಸಾಫ್ಟ್‌ವೇರಿನಲ್ಲಿ ರನ್-ಅಹೆಡ್ ಎಂಬ ಸೌಲಭ್ಯವಿದೆ. ಅದು ಆಟವನ್ನು ಒಳಗೊಳಗೇ ಒಂದೆರಡು ಫ್ರೇಮ್ ಮುಂದೆ ಓಡಿಸಿ ಫಲಿತಾಂಶವನ್ನು ಬೇಗ ತೋರಿಸುತ್ತದೆ. ಒಂದಕ್ಕಿಂತ ಜಾಸ್ತಿ ಫ್ರೇಮ್ ಕೊಡುವಾಗ ನೋಡಿಕೊಳ್ಳಿ, ಮಾರಿಯೋನ ಜಿಗಿತದ ಮೊದಲ ತುಣುಕೇ ತಪ್ಪಿಹೋಗಬಹುದು.

ಮಗಳ ಕೈಗೂ ಒಮ್ಮೆ ಕಂಟ್ರೋಲರ್ ಕೊಡಿ, ಎಷ್ಟು ನಗುತ್ತಾಳೆ ನೋಡೋಣ.

ಪ್ರಶ್ನೆ: ನೆನಪಿನಲ್ಲಿದ್ದ ಆಟ ಎಷ್ಟು ಚೆನ್ನಾಗಿತ್ತು! ಈಗ ನೋಡಿದರೆ ಬರೀ ಚೌಕ ಚೌಕ. ಮನಸ್ಸೇ ಮೋಸ ಮಾಡಿತಾ?

ಮನಸ್ಸು ಪೂರ್ತಿ ಮೋಸ ಮಾಡಿಲ್ಲ. ಆ ಚಿತ್ರಗಳನ್ನು ಬಿಡಿಸಿದವರ ಎದುರಿಗೂ ಸಿಆರ್‌ಟಿಯೇ ಇತ್ತು. ಅದರ ಪರದೆಯಲ್ಲಿ ಪಿಕ್ಸೆಲ್‌ಗೆ ಚೂಪಾದ ಅಂಚಿರಲಿಲ್ಲ, ಪಕ್ಕದ್ದರ ಜೊತೆ ಸ್ವಲ್ಪ ಬೆರೆಯುತ್ತಿತ್ತು. 1991ರ ಸೋನಿಕ್ ಆಟದ ಮೊದಲ ಹಂತದ ಜಲಪಾತವನ್ನು ಈಗಿನ ಟಿವಿಯಲ್ಲಿ ಹತ್ತಿರದಿಂದ ನೋಡಿ, ಬರೀ ಉದ್ದುದ್ದ ಪಟ್ಟಿಗಳು. ಹಳದಿ ಪಿನ್ನಿನ ಕಾಂಪೋಸಿಟ್ ಕೇಬಲ್ ಹಾಕಿದ ಹಳೆಯ ಟಿವಿಯಲ್ಲಿ ಅವೇ ಪಟ್ಟಿಗಳು ಕಲೆತು, ಹಿಂದಿನ ಬಂಡೆ ಕಾಣುವ ತೆಳು ನೀರಾಗುತ್ತಿದ್ದವು. ಕೇಬಲ್ಲಿನ ದೋಷವನ್ನೇ ಬಣ್ಣದ ಹಾಗೆ ಬಳಸಿದ ಜಾಣರು ಅವರು.

ಹಾಗಾಗಿ ಎಮುಲೇಟರಿನಲ್ಲಿ ಸಿಆರ್‌ಟಿ ಶೇಡರ್ ಹಾಕಿ ನೋಡಿ. ಗೆರೆ, ಹೊಳಪು, ಬಣ್ಣದ ಬೆರಕೆ ಎಲ್ಲವನ್ನೂ ಅನುಕರಿಸುತ್ತದೆ, 4ಕೆ ಪರದೆಯಲ್ಲಿ ಚೆನ್ನಾಗಿ ಕೂರುತ್ತದೆ. ಅಂಚು ನುಣುಪು ಮಾಡುವ ಸ್ಮೂತಿಂಗ್ ಫಿಲ್ಟರ್ ಮಾತ್ರ ನನಗೆ ಆಗಿಬರುವುದಿಲ್ಲ. ಮಾರಿಯೋನ ಮುಖ ಮೇಣ ಕರಗಿದ ಹಾಗಿರುತ್ತದೆ.

ಇನ್ನೊಂದು ವಿಷಯ, ಪರದೆ ತುಂಬಿಸಲು ಚಿತ್ರವನ್ನು ಎಳೆಯಬೇಡಿ. ಈ ಆಟಗಳು 4:3 ಅಳತೆಯವು. 16:9ಕ್ಕೆ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ. ಎತ್ತರದ ಮಟ್ಟಿಗೆ 4ಕೆ ಟಿವಿ ಅದೃಷ್ಟದ್ದು, ಅದರ 2160 ಗೆರೆ 240ರ ಸರಿಯಾಗಿ 9 ಪಟ್ಟು. 1080ರ ಟಿವಿಯಲ್ಲಿ ಅದು ನಾಲ್ಕೂವರೆ ಪಟ್ಟು, ಆದ್ದರಿಂದ ಕೆಲವು ಗೆರೆ ದಪ್ಪ, ಕೆಲವು ತೆಳು. ಅಲ್ಲಿ 4 ಪಟ್ಟಿಗೇ ನಿಲ್ಲಿಸಿ, ಮೇಲೆ ಕೆಳಗೆ ಸ್ವಲ್ಪ ಕಪ್ಪು ಬಿಟ್ಟರೆ ಕಣ್ಣಿಗೆ ಹಿತ.

ಪ್ರಶ್ನೆ: ಡಕ್ ಹಂಟ್ ಆಟದ ಬಂದೂಕು ಹೊಸ ಟಿವಿಯಲ್ಲಿ ಒಂದು ಬಾತುಕೋಳಿಗೂ ತಗಲುತ್ತಿಲ್ಲ. ಬಂದೂಕು ಕೆಟ್ಟಿದೆಯಾ?

ಬಹುಶಃ ಇಲ್ಲ. ಆ ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದು ಪರದೆಯನ್ನು ನೋಡುತ್ತದೆ ಅಷ್ಟೇ. ಟ್ರಿಗರ್ ಒತ್ತಿದ ತಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಕಡೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಳಿ ಚೌಕ ಬಂದು ಹೋಗುತ್ತದೆ. ಆ ಹೊತ್ತಿನಲ್ಲಿ ಬಂದೂಕಿಗೆ ಬೆಳಕು ಕಂಡರೆ ಗುರಿ ತಗಲಿತು. ಹೊಸ ಟಿವಿಯಲ್ಲಿ ಚೌಕ ಬರುವಷ್ಟರಲ್ಲಿ ಕನ್ಸೋಲ್ ನೋಡಿ ಮುಗಿಸಿರುತ್ತದೆ. ಜೊತೆಗೆ ಬಂದೂಕಿನ ಒಳಗಿನ ಸರ್ಕ್ಯೂಟು ಸಿಆರ್‌ಟಿಯ ಮಿಡಿತಕ್ಕೇ ಶ್ರುತಿ ಮಾಡಿದ್ದು, ಆದ್ದರಿಂದ ಗೇಮ್ ಮೋಡ್ ಕೂಡ ಉಳಿಸುವುದಿಲ್ಲ. ಹಳೆಯ ಟಿವಿ ಹುಡುಕಿ. ಇಲ್ಲವೇ ಎಮುಲೇಟರ್ ಜೊತೆ ಸಿಂಡೆನ್ ಲೈಟ್‌ಗನ್ ಬಳಸಿ, ಅದು ಪರದೆಯ ಸುತ್ತ ಬರುವ ಚೌಕಟ್ಟನ್ನು ಕ್ಯಾಮೆರಾದಿಂದ ಗುರುತಿಸುತ್ತದೆ. ಹಳೆಯ ಟಿವಿ ಸಿಕ್ಕಿದರೂ ಅದರ ಹಿಂಬದಿ ಬಿಚ್ಚಬೇಡಿ, ಆರಿಸಿದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಪ್ರಶ್ನೆ: ಕ್ಯಾಸೆಟ್‌ಗೆ ಊದಿದರೆ ಸರಿಹೋಗುತ್ತದೆ ಅಲ್ವಾ? ಮತ್ತೆ ನನ್ನ ಜೆಲ್ಡಾ ಆಟದ ಸೇವ್ ಎಲ್ಲಿ ಹೋಯಿತು?

ಊದುವುದನ್ನು ಇವತ್ತೇ ಬಿಡಿ. ನಾವೆಲ್ಲ ಊದಿದವರೇ. ಸರಿಹೋಗುತ್ತಿದ್ದದ್ದು ಬಹುತೇಕ ತೆಗೆದು ಮತ್ತೆ ಹಾಕಿದ್ದರಿಂದ. ಉಸಿರಿನ ತೇವದಿಂದ ಲೋಹದ ಪಿನ್ನುಗಳಿಗೆ ನಿಧಾನವಾಗಿ ಕಿಲುಬು ಹಿಡಿಯುತ್ತದೆ. ಹತ್ತಿ ಸುತ್ತಿದ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ.

ಸೇವ್ ಇದ್ದದ್ದು ಕ್ಯಾಸೆಟ್ಟಿನೊಳಗಿನ ಗುಂಡಿ ಬ್ಯಾಟರಿಯ ಬಲದ ಮೇಲೆ. ಅದು ಸತ್ತರೆ ಸೇವ್ ಕೂಡ ಹೋಯಿತು, ವಾಪಸ್ ಬರುವುದಿಲ್ಲ. ಹೊಸ ಬ್ಯಾಟರಿ ಬೆಸುಗೆ ಹಾಕಿಸಿದರೆ ಮತ್ತೆ ಮೊದಲಿನಿಂದ ಆಡಬಹುದು. ಇನ್ನೂ ಸೇವ್ ಉಳಿದಿರುವ ಬೇರೆ ಕ್ಯಾಸೆಟ್‌ಗಳು ನಿಮ್ಮಲ್ಲಿದ್ದರೆ ಬ್ಯಾಟರಿಗೆ ಕೈ ಹಾಕುವ ಮೊದಲೇ ಕಾರ್ಟ್ರಿಜ್ ರೀಡರ್ ಎಂಬ ಕ್ಯಾಸೆಟ್ ಓದುವ ಸಾಧನದಿಂದ ಸೇವ್ ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.